ಮೊದಲ ಪಂದ್ಯ ಯಾವುದು? ಹೇಳುವವರು ಯಾರು?

ಅದು 1884ರ ಮೇ 1. ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ ಬೇಸ್‌ಬಾಲ್ ಪಂದ್ಯ. ಆ ವರ್ಷವಷ್ಟೇ ‘ಅಮೆರಿಕನ್ ಅಸೋಸಿಯೇಷನ್’ ಎಂಬ ದೊಡ್ಡ ಲೀಗ್‌ಗೆ ಸೇರ್ಪಡೆಯಾಗಿದ್ದ ಟೊಲೆಡೊ ತಂಡ ಅತಿಥಿಯಾಗಿ ಬಂದಿತ್ತು. ಅದರ ಕ್ಯಾಚರ್ 27 ವರ್ಷದ ಮೋಸೆಸ್ ಫ್ಲೀಟ್‌ವುಡ್ ವಾಕರ್. ಆತ ಮೂರು ಬಾರಿ ಬ್ಯಾಟು ಹಿಡಿದ. ಒಂದೂ ಹಿಟ್ ಬರಲಿಲ್ಲ. ಚೆಂಡು ಹಿಡಿಯುವಲ್ಲಿ, ಎಸೆಯುವಲ್ಲಿ ನಾಲ್ಕು ತಪ್ಪುಗಳು ಅವನ ಹೆಸರಿಗೆ ಬಂದವು. ಟೊಲೆಡೊ 5-1ರಿಂದ ಸೋತಿತು. ಅಂಕಿಅಂಶ ನೋಡಿದವರು ಇದನ್ನೊಂದು ಕೆಟ್ಟ ಆರಂಭ ಎಂದು ಪುಟ ತಿರುವಿಬಿಡಬಹುದು. ಆದರೆ ದೊಡ್ಡ ಲೀಗ್‌ನಲ್ಲಿ, ತಾನು ಕಪ್ಪು ವರ್ಣೀಯನೆಂಬುದನ್ನು ಮರೆಮಾಚದೆ, ಎಲ್ಲರಿಗೂ ತಿಳಿದಂತೆಯೇ ಆಡಿದ ಮೊದಲ ಆಟಗಾರ ಈತ.

ಕ್ಯಾಚರ್‌ನ ಕೆಲಸ ನಮ್ಮ ಕ್ರಿಕೆಟ್ಟಿನ ವಿಕೆಟ್ ಕೀಪರ್‌ನದನ್ನು ಹೋಲುತ್ತದೆ. ಆದರೆ ಆ ಕಾಲದಲ್ಲಿ ಪಿಚರ್ ಇಂದಿಗಿಂತ ಹತ್ತಿರದಿಂದ, ಕೇವಲ 50 ಅಡಿ ದೂರದಿಂದ ಚೆಂಡು ಎಸೆಯುತ್ತಿದ್ದ. ದಪ್ಪ ಕೈಗವಸು ಇನ್ನೂ ಬಂದಿರಲಿಲ್ಲ. ವಾಕರ್ ಬಹುತೇಕ ಬರಿಗೈಯಲ್ಲೇ ಚೆಂಡು ಹಿಡಿಯುತ್ತಿದ್ದ. ಬೆರಳು ಮುರಿಯುವುದು, ಅಂಗೈ ಸೀಳುವುದು ಈ ಉದ್ಯೋಗದಲ್ಲಿ ದಿನನಿತ್ಯದ ಮಾತಾಗಿತ್ತು.

ಮೂರು ವರ್ಷ ಹಿಂದಿನ ಅವಮಾನ

ಆ ಊರು ವಾಕರ್‌ಗೆ ಹೊಸದಾಗಿರಲಿಲ್ಲ. 1881ರಲ್ಲಿ ಕ್ಲೀವ್‌ಲ್ಯಾಂಡ್‌ನ ಹೊಲಿಗೆ ಯಂತ್ರ ಕಂಪೆನಿಯೊಂದರ ತಂಡದ ಜತೆ ಆತ ಇಲ್ಲಿಗೇ, ಇದೇ ಲೂಯಿವಿಲ್ ಕ್ಲಬ್ಬಿನ ವಿರುದ್ಧ ಆಡಲು ಬಂದಿದ್ದ. ಆತಿಥೇಯ ಆಟಗಾರರು ಆಕ್ಷೇಪ ಎತ್ತಿದ್ದರಿಂದ ಅವನನ್ನು ಹೊರಗೆ ಕೂರಿಸಲಾಯಿತು. ಬದಲಿಗೆ ನಿಂತ ಕ್ಯಾಚರ್‌ನ ಕೈಗೆ ಪೆಟ್ಟಾದಾಗ ಪ್ರೇಕ್ಷಕರೇ ವಾಕರ್‌ನನ್ನು ಕರೆದರು. ಆತ ಮೈದಾನಕ್ಕಿಳಿದು ಅಭ್ಯಾಸವನ್ನೂ ಶುರು ಮಾಡಿದ. ಆಗ ಲೂಯಿವಿಲ್‌ನ ಇಬ್ಬರು ಆಟಗಾರರು ಮೈದಾನ ಬಿಟ್ಟು ಹೊರಟರು. ವಾಕರ್ ಮತ್ತೆ ಹೊರಗೆ ಬರಬೇಕಾಯಿತು. 1884ರಲ್ಲಿ ಅವನ ಮೊದಲ ದೊಡ್ಡ ಪಂದ್ಯ ನಡೆದದ್ದು ಇಂಥ ಊರಿನಲ್ಲಿ, ಇದೇ ಎದುರಾಳಿಯ ಮುಂದೆ. ಆ ನಾಲ್ಕು ತಪ್ಪುಗಳನ್ನು ಎಣಿಸುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ವಾಕರ್ ಹುಟ್ಟಿದ್ದು ಒಹಾಯೊ ರಾಜ್ಯದಲ್ಲಿ, 1856ರಲ್ಲಿ. ಓಬರ್ಲಿನ್ ಕಾಲೇಜಿನಲ್ಲಿ ಓದಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಅಭ್ಯಾಸಕ್ಕೂ ಸೇರಿದ್ದ. ಅಂದಿನ ವೃತ್ತಿಪರ ಆಟಗಾರರಲ್ಲಿ ಅಷ್ಟು ಓದಿದವರು ವಿರಳ. ಆದರೂ ಅವನದೇ ತಂಡದ ಖ್ಯಾತ ಪಿಚರ್ ಟೋನಿ ಮುಲೇನ್ ಅವನ ಸಂಜ್ಞೆಗಳನ್ನು ಬೇಕೆಂದೇ ನೋಡುತ್ತಿರಲಿಲ್ಲ. ತಾನು ಕಂಡ ಅತ್ಯುತ್ತಮ ಕ್ಯಾಚರ್ ವಾಕರ್. ಆದರೆ ಕರಿಯನಿಂದ ಸೂಚನೆ ಪಡೆಯುವುದು ತನಗೆ ಒಗ್ಗುತ್ತಿರಲಿಲ್ಲ, ಹಾಗಾಗಿ ಮನಸ್ಸಿಗೆ ಬಂದಂತೆ ಎಸೆಯುತ್ತಿದ್ದೆ ಎಂದು ಮುಲೇನ್ ಎಷ್ಟೋ ವರ್ಷಗಳ ನಂತರ ತಾನೇ ಒಪ್ಪಿಕೊಂಡ. ಎಂಥ ಚೆಂಡು ಬರುತ್ತದೆಂದು ತಿಳಿಯದೆ, ಬರಿಗೈಯಲ್ಲಿ ಅದನ್ನು ಹಿಡಿಯುವವನ ಪಾಡು ಏನಾಗಿರಬೇಕು!

ಆ ಋತುವಿನಲ್ಲಿ ವಾಕರ್ ಆಡಿದ್ದು 42 ಪಂದ್ಯ. ಬ್ಯಾಟಿಂಗ್ ಸರಾಸರಿ .263. ತಂಡದ ಒಟ್ಟು ಸಾಧನೆಗೆ ಹೋಲಿಸಿದರೆ ಅದು ಚೆನ್ನಾಗಿಯೇ ಇತ್ತು. ತಮ್ಮ ವೆಲ್ಡಿ ವಾಕರ್ ಕೂಡ ಕೆಲವು ಪಂದ್ಯ ಆಡಿದ. ಆದರೆ ಅಣ್ಣನ ಪಕ್ಕೆಲುಬು ಮುರಿಯಿತು. ರಿಚ್‌ಮಂಡ್ ನಗರದಲ್ಲಿ ಆತ ಆಡಿದರೆ 75 ಮಂದಿ ಮೇಲೆ ಬೀಳುತ್ತಾರೆಂದು ಬೆದರಿಸಿ ತಂಡದ ಮ್ಯಾನೇಜರ್‌ಗೆ ಪತ್ರ ಬಂತು. ಗಾಯಗೊಂಡಿದ್ದ ವಾಕರ್ ಅಲ್ಲಿ ಆಡಲೇ ಇಲ್ಲ. ಋತು ಮುಗಿಯುವ ಮೊದಲೇ ತಂಡದಿಂದ ಬಿಡುಗಡೆಯಾದ.

ಬರಹವಿಲ್ಲದ ಒಪ್ಪಂದ

ಆ ದಿನಗಳಲ್ಲಿ ಮೊದಲ ಪಂದ್ಯದ ಅವಕಾಶ ಹಲವರಿಗೆ ಆಕಸ್ಮಿಕವಾಗಿ ಬರುತ್ತಿತ್ತು. ತಂಡಗಳು ಚಿಕ್ಕವು. ಒಬ್ಬ ಗಾಯಗೊಂಡರೆ ಊರಿನ ಹುಡುಗನನ್ನು ಕರೆತಂದು ನಿಲ್ಲಿಸುವುದುಂಟು. 1892ರ ಅಕ್ಟೋಬರ್ 15ರಂದು ಸಿನ್ಸಿನಾಟಿ ತಂಡಕ್ಕೆ ಮೊದಲ ಬಾರಿ ಪಿಚರ್ ಆಗಿ ಇಳಿದ ಬಂಪಸ್ ಜೋನ್ಸ್, ಪಿಟ್ಸ್‌ಬರ್ಗ್ ತಂಡಕ್ಕೆ ಇಡೀ ಪಂದ್ಯದಲ್ಲಿ ಒಂದೂ ಹಿಟ್ ಕೊಡಲಿಲ್ಲ. ಆದರೆ ಮರುವರ್ಷವೇ ಅವನ ದೊಡ್ಡ ಲೀಗ್ ಬದುಕು ಮುಗಿಯಿತು. ಜೋನ್ಸ್‌ಗೆ ಅವಕಾಶ ಕೊಟ್ಟು, ಆಟ ಕೆಟ್ಟಾಗ ಕೈಬಿಟ್ಟರು. ಕರಿಯರಿಗೆ ಅಷ್ಟೂ ಇರಲಿಲ್ಲ. ಆಟ ನೋಡುವ ಮೊದಲೇ ಬಾಗಿಲು ಹಾಕಲಾಗಿತ್ತು.

ಬಾಗಿಲು ಹಾಕಿದವರಲ್ಲಿ ಪ್ರಮುಖನೆಂದು ಷಿಕಾಗೊ ತಂಡದ ನಾಯಕ ಕ್ಯಾಪ್ ಆನ್ಸನ್‌ನ ಹೆಸರು ಹೇಳುತ್ತಾರೆ. 1883ರಲ್ಲಿ ಟೊಲೆಡೊದಲ್ಲಿ ಪ್ರದರ್ಶನ ಪಂದ್ಯಕ್ಕೆ ಬಂದಾಗ, ವಾಕರ್ ಇದ್ದರೆ ಆಡುವುದಿಲ್ಲವೆಂದು ಆತ ಹಟ ಹಿಡಿದ. ಕೈ ನೋವಿನಿಂದ ಅಂದು ವಿಶ್ರಾಂತಿ ಪಡೆಯಬೇಕಿದ್ದ ವಾಕರ್‌ನನ್ನು ಟೊಲೆಡೊ ಮ್ಯಾನೇಜರ್ ಬೇಕೆಂದೇ ಮೈದಾನಕ್ಕಿಳಿಸಿದ. ಟಿಕೆಟ್ ಹಣದ ಪಾಲು ಕೈತಪ್ಪುವ ಭಯಕ್ಕೆ ಆನ್ಸನ್ ಆಡಿದ. ನಾಲ್ಕು ವರ್ಷಗಳಲ್ಲಿ ಗಾಳಿ ತಿರುಗಿತು. 1887ರ ಜುಲೈ 14ರಂದು ನೆವಾರ್ಕ್‌ನಲ್ಲಿ ಇದೇ ಆನ್ಸನ್ ಇದೇ ಬೇಡಿಕೆ ಇಟ್ಟಾಗ ವಾಕರ್ ಮತ್ತು ಕಪ್ಪು ವರ್ಣೀಯ ಪಿಚರ್ ಜಾರ್ಜ್ ಸ್ಟೋವಿ ಇಬ್ಬರೂ ಹೊರಗೆ ಉಳಿದರು. ಅದೇ ದಿನ ಇಂಟರ್‌ನ್ಯಾಷನಲ್ ಲೀಗ್‌ನ ಮಾಲೀಕರು ಇನ್ನು ಮುಂದೆ ಕರಿಯರೊಡನೆ ಕರಾರು ಬೇಡವೆಂದು 6-4 ಮತಗಳಿಂದ ತೀರ್ಮಾನಿಸಿದರು. ದೊಡ್ಡ ಲೀಗ್‌ಗಳಲ್ಲಿ ಅಂಥ ಲಿಖಿತ ನಿಯಮವೇ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ, ಎಲ್ಲರಿಗೂ ತಿಳಿದಿತ್ತು, ಯಾರೂ ಮೀರಲಿಲ್ಲ.

1889ರವರೆಗೆ ಸಿರಕ್ಯೂಸ್ ತಂಡಕ್ಕೆ ಆಡಿದ ವಾಕರ್ ನಂತರ ಸಿನಿಮಾ ಮಂದಿರ ನಡೆಸಿದ. ಅಮೆರಿಕದಲ್ಲಿ ಕರಿಯರಿಗೆ ನ್ಯಾಯ ಸಿಗದು, ಆಫ್ರಿಕಕ್ಕೆ ಮರಳುವುದೇ ದಾರಿ ಎಂದು ವಾದಿಸಿ 1908ರಲ್ಲಿ ಪುಸ್ತಕ ಬರೆದ. 1924ರಲ್ಲಿ ತೀರಿಕೊಂಡ.

ಮತ್ತೊಂದು ಸೊನ್ನೆ

ಬಾಗಿಲು ಮತ್ತೆ ತೆರೆದದ್ದು 1947ರ ಏಪ್ರಿಲ್ 15ರಂದು. ಬ್ರೂಕ್ಲಿನ್ ಡಾಜರ್ಸ್ ತಂಡಕ್ಕೆ 42ನೇ ಸಂಖ್ಯೆಯ ಅಂಗಿ ತೊಟ್ಟು ಜಾಕಿ ರಾಬಿನ್‌ಸನ್ ಮೈದಾನಕ್ಕಿಳಿದ. ಅಂದು ಅವನಿಗೂ ಒಂದೂ ಹಿಟ್ ಬರಲಿಲ್ಲ. ಆದರೆ ಏಳನೆಯ ಇನ್ನಿಂಗ್ಸ್‌ನಲ್ಲಿ ಎದುರಾಳಿಯ ತಪ್ಪಿನಿಂದ ಓಡಿ ಬದುಕಿ, ತಂಡಕ್ಕೆ ಮುನ್ನಡೆ ತಂದ ರನ್ ಗಳಿಸಿದ. ಡಾಜರ್ಸ್ ಬಾಸ್ಟನ್ ತಂಡವನ್ನು 5-3ರಿಂದ ಸೋಲಿಸಿತು. ಅದೇ ಜುಲೈನಲ್ಲಿ ಕ್ಲೀವ್‌ಲ್ಯಾಂಡ್ ಪರ ಇಳಿದ ಲ್ಯಾರಿ ಡೋಬಿ ಮೊದಲ ಸಲವೇ ಔಟಾದ. ಇಬ್ಬರಿಗೂ ಮರುದಿನವಿತ್ತು, ಮರುವರ್ಷವಿತ್ತು. ಮೊದಲ ದಿನದ ಸೊನ್ನೆಯನ್ನು ಅಳಿಸಿಕೊಳ್ಳುವ ಆ ಅವಕಾಶ ವಾಕರ್‌ಗೆ ಸಿಕ್ಕಿದ್ದು ಒಂದೇ ಋತು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ವಾಕರ್‌ಗಿಂತ ಮೊದಲೇ, 1879ರ ಜೂನ್ 21ರಂದು, ಪ್ರಾವಿಡೆನ್ಸ್ ತಂಡದಲ್ಲಿ ಗಾಯಾಳು ಒಬ್ಬನ ಬದಲಿಗೆ ವಿಲಿಯಂ ಎಡ್ವರ್ಡ್ ವೈಟ್ ಎಂಬ ಕಾಲೇಜು ವಿದ್ಯಾರ್ಥಿ ಒಂದೇ ಒಂದು ಪಂದ್ಯ ಆಡಿದ್ದ. ಜಾರ್ಜಿಯದ ಬಿಳಿಯ ಜಮೀನುದಾರನಿಗೆ ಗುಲಾಮ ಹೆಂಗಸಿನಲ್ಲಿ ಹುಟ್ಟಿದವ ಈತ ಎಂಬುದನ್ನು ಸಂಶೋಧಕರು ಬೆಳಕಿಗೆ ತಂದದ್ದು 21ನೇ ಶತಮಾನದ ಆರಂಭದಲ್ಲಿ. ಬಿಳಿಯನೆಂದೇ ಬಾಳಿದ್ದರಿಂದ ಅವನಿಗೆ ಯಾರೂ ಅಡ್ಡಿ ಮಾಡಲಿಲ್ಲ. ಮೊದಲಿಗನೆಂದು ಯಾರೂ ನೆನೆಯಲೂ ಇಲ್ಲ.

ಇನ್ನೊಂದು ತಿರುವೂ ಇದೆ. ಯಾವ ಲೀಗ್‌ಗಳು ‘ದೊಡ್ಡವು’ ಎಂದು ನಿರ್ಧರಿಸಲು 1968ರಲ್ಲಿ ನೇಮಿಸಿದ ಸಮಿತಿ ಆರು ಲೀಗ್‌ಗಳನ್ನು ಗುರುತಿಸಿತು. ಹೊರಗಿಟ್ಟವರು ತಾವೇ ಕಟ್ಟಿಕೊಂಡಿದ್ದ ನೀಗ್ರೋ ಲೀಗ್‌ಗಳ ಹೆಸರು ಅದರಲ್ಲಿರಲಿಲ್ಲ. 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ ಈ ತಪ್ಪನ್ನು ತಿದ್ದಿ, 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗ್‌ಗಳಿಗೆ ಮಾನ್ಯತೆ ನೀಡಿತು. ಸುಮಾರು 3,400 ಆಟಗಾರರು ದೊಡ್ಡ ಲೀಗ್‌ನವರಾದರು. 2024ರಲ್ಲಿ ಅವರ ಅಂಕಿಅಂಶಗಳೂ ಅಧಿಕೃತ ದಾಖಲೆಗೆ ಸೇರಿದವು.

ಹೀಗಾಗಿ ಮೊದಲ ಪಂದ್ಯಗಳ ತಾರೀಖುಗಳೇ ಬದಲಾದವು. 1948ರಲ್ಲಿ, 42ನೇ ವಯಸ್ಸಿನಲ್ಲಿ ಕಾಲಿಟ್ಟನೆಂದು ಬರೆಯುತ್ತಿದ್ದ ಪಿಚರ್ ಸ್ಯಾಚೆಲ್ ಪೇಜ್‌ನ ಆರಂಭ ಈಗ 1927ಕ್ಕೆ ಹಿಂದೆ ಸರಿದಿದೆ. ರಾಬಿನ್‌ಸನ್‌ನ ಮೊದಲ ಪಂದ್ಯವೂ 1945ರ ಕಾನ್ಸಸ್ ಸಿಟಿ ಮೊನಾರ್ಕ್ಸ್ ತಂಡದ ಲೆಕ್ಕಕ್ಕೆ ಬಂದಿದೆ. ಆಟಗಾರರು ಆಡಿದ್ದು ಆಗಲೇ. ಆಡಿದರು ಎಂದು ಪುಸ್ತಕ ಒಪ್ಪಿಕೊಂಡದ್ದು ಮಾತ್ರ ಈಗ.

ರಾಬಿನ್‌ಸನ್‌ನ ಗೌರವಾರ್ಥ 1997ರಲ್ಲಿ 42ನೇ ಸಂಖ್ಯೆಯ ಅಂಗಿಯನ್ನು ಎಲ್ಲ ತಂಡಗಳೂ ನಿವೃತ್ತಿಗೊಳಿಸಿದವು. ವಾಕರ್ ದೊಡ್ಡ ಲೀಗ್‌ನಲ್ಲಿ ಆಡಿದ ಪಂದ್ಯಗಳ ಸಂಖ್ಯೆಯೂ 42. ಇದು ಕೇವಲ ಕಾಕತಾಳೀಯ. ಆದರೆ ಆ ಎರಡು ಸಂಖ್ಯೆಗಳ ನಡುವೆ ಆರು ದಶಕಗಳ ಕಾಲ ಮೊದಲ ಪಂದ್ಯವೇ ಸಿಗದೆ ವಯಸ್ಸಾದವರಿದ್ದಾರೆ. ಅವರ ಹೆಸರಿನ ಮುಂದೆ ಈಗಲಾದರೂ ಒಂದು ತಾರೀಖು ಬರೆಯಲಾಗುತ್ತಿದೆ.