ಅಂಗವಿಕಲರ ಮಾಸಾಶನ: ಅರ್ಹತೆ, ಶೇಕಡಾವಾರು ನಿರ್ಣಯ ಮತ್ತು ಅರ್ಜಿ ವಿಧಾನ
(ಕ್ಯಾಸಂಬಳ್ಳಿ ಹೋಬಳಿಯ ರೈತ ಕುಟುಂಬಗಳು ಹಾಗೂ ವಿಸ್ತರಣಾ ಕಾರ್ಯಕರ್ತರಿಗಾಗಿ)

ಮೇವು ಕತ್ತರಿಸುವ ಯಂತ್ರಕ್ಕೆ ಸಿಲುಕಿ ಬೆರಳು ಅಥವಾ ಅಂಗೈ ಕಳೆದುಕೊಂಡವರು, ಟ್ರ್ಯಾಕ್ಟರ್ ಮಗುಚಿ ಕಾಲು ಊನವಾದವರು, ಒಕ್ಕಣೆಯ ವೇಳೆ ಕಣ್ಣಿಗೆ ಪೆಟ್ಟು ಬಿದ್ದವರು, ಹುಣಸೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರು ನಮ್ಮ ಭಾಗದ ಹಳ್ಳಿಗಳಿಗೆ ಹೊಸಬರಲ್ಲ. ಹುಟ್ಟಿನಿಂದಲೇ ಊನವಿರುವವರೂ ಪೋಲಿಯೊ ಬಾಧಿತರೂ ಇದ್ದಾರೆ. ಇಂಥವರಿಗೆ ರಾಜ್ಯ ಸರ್ಕಾರವು ಪ್ರತಿ ತಿಂಗಳು ನೀಡುವ ಮಾಸಾಶನವನ್ನು ಜನರು ವಾಡಿಕೆಯಲ್ಲಿ ‘ಅಂಗವಿಕಲ ವೇತನ’ ಎಂದು ಕರೆಯುತ್ತಾರೆ. ಮೊತ್ತ ದೊಡ್ಡದಲ್ಲದಿದ್ದರೂ ದುಡಿಯುವ ಕೈಯೊಂದು ನಿಂತುಹೋದ ಸಣ್ಣ ಹಿಡುವಳಿದಾರನ ಮನೆಗೆ ಅದು ನಿಯತವಾಗಿ ಬರುವ ಹಣವಾಗಿರುತ್ತದೆ.

ಅರ್ಜಿದಾರರು ಸಾಮಾನ್ಯವಾಗಿ ಮೊದಲು ನಾಡಕಚೇರಿಗೆ ಹೋಗುತ್ತಾರೆ. ಆದರೆ ಅರ್ಹತೆಯ ಮುಖ್ಯ ಭಾಗವು ತೀರ್ಮಾನವಾಗುವುದು ಆಸ್ಪತ್ರೆಯಲ್ಲಿ. ವೈದ್ಯರು ಪ್ರಮಾಣಪತ್ರದಲ್ಲಿ ನಮೂದಿಸುವ ಶೇಕಡಾವಾರು ಸಂಖ್ಯೆಯೇ ಮಾಸಾಶನ ದೊರೆಯುವುದೋ ಇಲ್ಲವೋ, ದೊರೆತರೆ ಎಷ್ಟು ಎಂಬುದನ್ನು ನಿರ್ಧರಿಸುತ್ತದೆ. ಆದ್ದರಿಂದ ಈ ಲೇಖನದಲ್ಲಿ ಆ ಸಂಖ್ಯೆಯ ಬಗೆಗೇ ಹೆಚ್ಚು ವಿವರ ನೀಡಲಾಗಿದೆ.

ಯಾರು ಅರ್ಹರು?

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಇದು 1995ರ ಅಧಿನಿಯಮದಲ್ಲಿದ್ದ 7 ಬಗೆಯ ವೈಕಲ್ಯಗಳನ್ನು 21ಕ್ಕೆ ಏರಿಸಿತು. ಚಲನವೈಕಲ್ಯ, ದೃಷ್ಟಿ ಮತ್ತು ಶ್ರವಣ ದೋಷ, ಬೌದ್ಧಿಕ ವೈಕಲ್ಯ, ಮಾನಸಿಕ ಅಸ್ವಸ್ಥತೆ, ಮೆದುಳಿನ ಪಾರ್ಶ್ವವಾಯು, ಗುಣಮುಖರಾದ ಕುಷ್ಠರೋಗಿಗಳು, ಪಾರ್ಕಿನ್ಸನ್ ಕಾಯಿಲೆ, ಹಿಮೋಫೀಲಿಯಾ, ಥಲಸ್ಸೀಮಿಯಾ, ಆಮ್ಲ ದಾಳಿಗೆ ಒಳಗಾದವರು ಮುಂತಾದವು ಈ ಪಟ್ಟಿಯಲ್ಲಿವೆ. ವೈಕಲ್ಯವು ಶೇ. 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣೀಕರಿಸಲ್ಪಟ್ಟವರು ಮಾತ್ರ ಮಾಸಾಶನ ಕೇಳಲು ಸಾಧ್ಯ.

ಅರ್ಜಿದಾರರು ರಾಜ್ಯದ ನಿವಾಸಿಗಳಾಗಿರಬೇಕು ಹಾಗೂ ಕುಟುಂಬದ ವಾರ್ಷಿಕ ಆದಾಯವು ನಿಗದಿತ ಮಿತಿಯಾದ 32,000 ರೂಪಾಯಿಗಳ ಒಳಗಿರಬೇಕು. ವೃದ್ಧಾಪ್ಯ, ವಿಧವಾ ಮುಂತಾದ ಬೇರೊಂದು ಸಾಮಾಜಿಕ ಭದ್ರತಾ ಪಿಂಚಣಿ ಪಡೆಯುತ್ತಿರುವವರಿಗೆ ಇದು ಎರಡನೆಯದಾಗಿ ದೊರೆಯುವುದಿಲ್ಲ. ಎರಡರಲ್ಲಿ ಯಾವುದು ಹೆಚ್ಚೆಂದು ನೋಡಿ ಒಂದನ್ನು ಆರಿಸಿಕೊಳ್ಳತಕ್ಕದ್ದು. ಮಕ್ಕಳ ಪರವಾಗಿ ತಂದೆ, ತಾಯಿ ಅಥವಾ ಪೋಷಕರು ಅರ್ಜಿ ಸಲ್ಲಿಸಬಹುದು.

ಮಾಸಾಶನ ಬಂದರೆ ಪಿ.ಎಂ.-ಕಿಸಾನ್ ಹಣ ನಿಂತುಹೋಗುವುದೇ ಎಂಬ ಅನುಮಾನ ರೈತರಲ್ಲಿದೆ. ಹಾಗಾಗುವುದಿಲ್ಲ. ಪಿ.ಎಂ.-ಕಿಸಾನ್ ಹೊರಗಿಡುವುದು ತಿಂಗಳಿಗೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ನಿವೃತ್ತಿ ವೇತನ ಪಡೆಯುವವರನ್ನು. ಅಂಗವಿಕಲ ಮಾಸಾಶನ ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ.

ಎಷ್ಟು ಹಣ?

ಶೇ. 40ರಿಂದ ಶೇ. 75ರ ಒಳಗಿನ ವೈಕಲ್ಯಕ್ಕೆ ತಿಂಗಳಿಗೆ 800 ರೂಪಾಯಿ (2021ರಲ್ಲಿ 600ರಿಂದ ಏರಿಸಲಾಯಿತು), ಶೇ. 75ಕ್ಕಿಂತ ಹೆಚ್ಚಿನ ದೈಹಿಕ ವೈಕಲ್ಯಕ್ಕೆ 1,400 ರೂಪಾಯಿ. ತೀವ್ರ ಬೌದ್ಧಿಕ ವೈಕಲ್ಯ ಉಳ್ಳವರಿಗೆ ಇದಕ್ಕಿಂತ ಹೆಚ್ಚಿನ ದರವಿದೆ. ಬಡತನ ರೇಖೆಗಿಂತ ಕೆಳಗಿರುವ, 18 ವರ್ಷ ತುಂಬಿದ, ಶೇ. 80 ಅಥವಾ ಹೆಚ್ಚಿನ ವೈಕಲ್ಯವುಳ್ಳವರನ್ನು ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆಯಡಿ ಸೇರಿಸಲಾಗುತ್ತದೆ. ಇದರಲ್ಲಿ ಕೇಂದ್ರದ ಪಾಲು 300 ರೂಪಾಯಿ ಮಾತ್ರ. ಉಳಿದುದನ್ನು ರಾಜ್ಯವೇ ಭರಿಸುತ್ತದೆ. ದರಗಳು ಆಯವ್ಯಯದಲ್ಲಿ ಪರಿಷ್ಕೃತವಾಗುವುದುಂಟಾದ್ದರಿಂದ ಅರ್ಜಿ ಸಲ್ಲಿಸುವಾಗ ಜಾರಿಯಲ್ಲಿರುವ ದರವನ್ನು ನಾಡಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬೇಕು.

ಶೇಕಡಾವಾರು ಹೇಗೆ ನಿರ್ಣಯವಾಗುತ್ತದೆ?

ವೈದ್ಯರು ತಮ್ಮ ಅಂದಾಜಿನಂತೆ ಅಂಕಿ ಬರೆಯುವುದಿಲ್ಲ. ಕೇಂದ್ರ ಸರ್ಕಾರವು ಹೊರಡಿಸಿರುವ ಮೌಲ್ಯಮಾಪನ ಮಾರ್ಗಸೂಚಿಯಲ್ಲಿ ಪ್ರತಿಯೊಂದು ಅಂಗನಷ್ಟಕ್ಕೂ ಮೌಲ್ಯ ಗೊತ್ತುಪಡಿಸಲಾಗಿದೆ. 2018ರ ಮಾರ್ಗಸೂಚಿಯ ಕೆಲವು ಅಂಕಿಗಳು ರೈತರಿಗೆ ತಿಳಿದಿರುವುದು ಒಳಿತು. ಮಣಿಕಟ್ಟಿನಲ್ಲಿ ಕೈ ಕಳೆದುಕೊಂಡರೆ ಶೇ. 60, ಮೊಣಕೈಯಲ್ಲಿ ಶೇ. 75. ಹೆಬ್ಬೆರಳು ಬುಡಸಹಿತ ಹೋದರೆ ಶೇ. 30. ತೋರುಬೆರಳು ಬುಡದಿಂದ ಹೋದರೆ ಶೇ. 15, ಮಧ್ಯದ ಬೆರಳಿಗೆ ಶೇ. 5, ಉಂಗುರ ಬೆರಳಿಗೆ ಶೇ. 3, ಕಿರುಬೆರಳಿಗೆ ಶೇ. 2. ಮೊಣಕಾಲಿನಲ್ಲಿ ಕಾಲು ಹೋದರೆ ಶೇ. 75; ಪಾದದ ಬೆರಳುಗಳೆಲ್ಲವೂ ಹೋದರೂ ಶೇ. 20 ಮಾತ್ರ. ಒಂದು ಕಣ್ಣು ಸಂಪೂರ್ಣ ಹೋಗಿ ಇನ್ನೊಂದು ಕಣ್ಣಿನ ದೃಷ್ಟಿ ಚೆನ್ನಾಗಿದ್ದರೆ ಶೇ. 30.

ಇದರಿಂದ ಸ್ಪಷ್ಟವಾಗುವ ಸಂಗತಿ ಕಹಿಯಾದುದು. ಮೇವಿನ ಯಂತ್ರದಲ್ಲಿ ಬಲಗೈ ಹೆಬ್ಬೆರಳು ಕಳೆದುಕೊಂಡ ರೈತನು ಕುಡುಗೋಲು ಹಿಡಿಯಲಾರ, ಹಾಲು ಕರೆಯಲಾರ. ಆದರೂ ಆ ಒಂದೇ ಕಾರಣಕ್ಕೆ ಮಾಸಾಶನ ಸಿಗುವುದಿಲ್ಲ. ಒಂದು ಕಣ್ಣು ಹೋದವರಿಗೂ ಸಿಗುವುದಿಲ್ಲ. ಮಾರ್ಗಸೂಚಿಯು ಅಂಗದ ನಷ್ಟವನ್ನು ಅಳೆಯುತ್ತದೆಯೇ ಹೊರತು ಕಸುಬಿನ ನಷ್ಟವನ್ನಲ್ಲ. ಈ ವಿಷಯವನ್ನು ಮೊದಲೇ ತಿಳಿಸದೆ ಜನರನ್ನು ಕಚೇರಿಯಿಂದ ಕಚೇರಿಗೆ ಅಲೆಸುವುದು ಸರಿಯಲ್ಲ.

ಆದರೆ ಒಂದಕ್ಕಿಂತ ಹೆಚ್ಚು ಊನಗಳಿದ್ದಲ್ಲಿ ಲೆಕ್ಕ ಬದಲಾಗುತ್ತದೆ. ಅವುಗಳನ್ನು ನೇರವಾಗಿ ಕೂಡದೆ ಒಂದು ಸೂತ್ರದ ಪ್ರಕಾರ ಜೋಡಿಸಲಾಗುತ್ತದೆ. 90ರಿಂದ ದೊಡ್ಡ ಅಂಕಿಯನ್ನು ಕಳೆದು, ಬಂದುದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ದೊಡ್ಡ ಅಂಕಿಗೆ ಸೇರಿಸಬೇಕು. ಉದಾಹರಣೆಗೆ, ಹೆಬ್ಬೆರಳು ಹೋದ ರೈತನಿಗೆ (ಶೇ. 30) ಬಾಲ್ಯದಿಂದಲೂ ಒಂದು ಕಣ್ಣು ಕಾಣದು (ಶೇ. 30) ಎಂದಿಟ್ಟುಕೊಳ್ಳಿ. 90ರಿಂದ 30 ಕಳೆದರೆ 60. ಅದನ್ನು 30ರಿಂದ ಗುಣಿಸಿದರೆ 1,800. 90ರಿಂದ ಭಾಗಿಸಿದರೆ 20. ಒಟ್ಟು ಶೇ. 50. ಬಿಡಿಬಿಡಿಯಾಗಿ ಎರಡೂ ಅನರ್ಹ, ಒಟ್ಟಾಗಿ ಅರ್ಹ.

ಹೊಸ ಗಾಯದ ಸಲುವಾಗಿ ಆಸ್ಪತ್ರೆಗೆ ಹೋದವರು ಹಳೆಯ ಊನವನ್ನು ಹೇಳದೇ ಬಿಡುವುದು ಸಾಮಾನ್ಯ. ಅದು ಎಂದಿನಿಂದಲೋ ಇದ್ದುದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅವರು ಭಾವಿಸಿರುತ್ತಾರೆ. ಕಿವಿ ಮಂದ, ಒಂದು ಕಣ್ಣು ಮಸುಕು, ಹಿಂದೆಂದೋ ಮುರಿದು ಸೊಟ್ಟಗೆ ಕೂಡಿದ ಕಾಲು ಎಲ್ಲವನ್ನೂ ಅರ್ಜಿಯಲ್ಲಿ ನಮೂದಿಸಿ, ಆಯಾ ವಿಭಾಗದ ತಜ್ಞರಿಂದ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಶೇ. 40ಕ್ಕಿಂತ ಕಡಿಮೆ ಬಂದ ಪ್ರಮಾಣಪತ್ರವನ್ನೂ ಎಸೆಯಬಾರದು. ಮುಂದೆ ಮತ್ತೊಂದು ಊನ ಸೇರಿದಲ್ಲಿ ಅದು ಉಪಯೋಗಕ್ಕೆ ಬರುತ್ತದೆ.

ಕೋಲಾರ ಜಿಲ್ಲೆಗೆ ಸಂಬಂಧಿಸಿದಂತೆ ಎರಡು ಮಾತು. ಇಲ್ಲಿನ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿರುವ ಗ್ರಾಮಗಳಿವೆ. ವರ್ಷಾನುಗಟ್ಟಲೆ ಅಂಥ ನೀರು ಕುಡಿದವರಲ್ಲಿ ಬೆನ್ನು, ಮಂಡಿ, ಕುತ್ತಿಗೆ ಬಿಗಿಯುವುದುಂಟು. ‘ಫ್ಲೋರೋಸಿಸ್’ ಎಂಬ ಹೆಸರು 21ರ ಪಟ್ಟಿಯಲ್ಲಿ ಇಲ್ಲ. ಆದರೆ ಅದರಿಂದ ಕೀಲುಗಳ ಮತ್ತು ಬೆನ್ನುಮೂಳೆಯ ಚಲನೆ ಕುಗ್ಗಿದ್ದರೆ ಅದನ್ನು ಚಲನವೈಕಲ್ಯದಡಿ ಅಳೆಯಬಹುದು. ವಯಸ್ಸಿನ ನೋವೆಂದು ಬಿಟ್ಟುಬಿಡದೆ ಮೂಳೆ ತಜ್ಞರಲ್ಲಿ ತೋರಿಸಬೇಕು. 2001ರ ಫೆಬ್ರವರಿ 28ರಂದು ಮುಚ್ಚಿದ ಚಿನ್ನದ ಗಣಿಗಳಲ್ಲಿ ದುಡಿದು ಸಿಲಿಕೋಸಿಸ್‌ಗೆ ತುತ್ತಾದ ಹಿರಿಯರ ಸ್ಥಿತಿ ಬೇರೆ. ಶ್ವಾಸಕೋಶದ ಈ ಕಾಯಿಲೆಯೂ ಪಟ್ಟಿಯಲ್ಲಿಲ್ಲ, ಕೇವಲ ಉಸಿರಾಟದ ತೊಂದರೆಯಿಂದ ಈ ಪ್ರಮಾಣಪತ್ರ ದೊರೆಯುವುದಿಲ್ಲ. ಅವರು ವಯಸ್ಸಿನ ಆಧಾರದ ಮೇಲೆ ಸಂಧ್ಯಾ ಸುರಕ್ಷಾ ಅಥವಾ ವೃದ್ಧಾಪ್ಯ ವೇತನಕ್ಕೆ ಪ್ರಯತ್ನಿಸುವುದು ಸೂಕ್ತ.

ವಿಶಿಷ್ಟ ಗುರುತಿನ ಚೀಟಿ

ಪ್ರಮಾಣಪತ್ರವನ್ನು ಈಗ ‘ಸ್ವಾವಲಂಬನ್’ ಜಾಲತಾಣದ ಮೂಲಕವೇ ನೀಡಲಾಗುತ್ತದೆ. ಅದರೊಂದಿಗೆ ಬರುವ ಯು.ಡಿ.ಐ.ಡಿ. ಚೀಟಿಯ ಬಣ್ಣವೇ ವೈಕಲ್ಯದ ಪ್ರಮಾಣವನ್ನು ಸೂಚಿಸುತ್ತದೆ: ಶೇ. 40ರ ಒಳಗೆ ಬಿಳಿ, ಶೇ. 40ರಿಂದ 80ರ ಒಳಗೆ ಹಳದಿ, ಶೇ. 80 ಮತ್ತು ಮೇಲ್ಪಟ್ಟು ನೀಲಿ. ಆಧಾರ್, ಭಾವಚಿತ್ರ, ವಿಳಾಸದ ದಾಖಲೆ ಮತ್ತು ಚಿಕಿತ್ಸೆಯ ಕಾಗದಗಳೊಂದಿಗೆ ಅರ್ಜಿ ಸಲ್ಲಿಸಿ, ಸೂಚಿಸಿದ ದಿನ ಆಸ್ಪತ್ರೆಗೆ ಹಾಜರಾಗಬೇಕು. ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯು ಜಿಲ್ಲೆಯ ಮುಖ್ಯ ಸರ್ಕಾರಿ ಆಸ್ಪತ್ರೆಯಾಗಿದ್ದು, ಯಾವ ವಿಭಾಗದ ಪರೀಕ್ಷೆ ಯಾವ ದಿನ ಎಂಬುದನ್ನು ಮೊದಲೇ ವಿಚಾರಿಸಿಕೊಂಡು ಹೊರಟರೆ ಒಂದು ದಿನದ ಕೂಲಿಯೂ ಬಸ್ ಖರ್ಚೂ ಉಳಿಯುತ್ತವೆ.

ಕ್ಯಾಸಂಬಳ್ಳಿಯು ಗಡಿಗೆ ಸಮೀಪವಿರುವುದರಿಂದ ಆಂಧ್ರದ ಕುಪ್ಪಂ ಕಡೆಯ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದವರಿರುತ್ತಾರೆ. ಅಲ್ಲಿನ ಬಿಡುಗಡೆ ಚೀಟಿ, ಎಕ್ಸ್-ರೇ, ಶಸ್ತ್ರಚಿಕಿತ್ಸೆಯ ವಿವರಗಳನ್ನು ಪೂರಕ ದಾಖಲೆಗಳಾಗಿ ಕೊಂಡೊಯ್ಯಬೇಕು. ಗಾಯವಾದ ಕೂಡಲೇ ಶಾಶ್ವತ ವೈಕಲ್ಯದ ನಿರ್ಣಯ ಸಾಧ್ಯವಿಲ್ಲ. ಚಿಕಿತ್ಸೆ ಮುಗಿದು ಸ್ಥಿತಿ ಒಂದು ಹದಕ್ಕೆ ಬಂದ ಮೇಲೆಯೇ ಅಳತೆ. ಅಂಕಿಯು ಸರಿಯಿಲ್ಲವೆಂದು ಅನಿಸಿದಲ್ಲಿ ಅಧಿನಿಯಮದ 59ನೇ ಪ್ರಕರಣದಡಿ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ನಾಡಕಚೇರಿಯಲ್ಲಿ ಅರ್ಜಿ

ಹೆಸರಿನಿಂದಾಗಿ ಗೊಂದಲಕ್ಕೊಳಗಾಗಿ ಅನೇಕರು ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಅರ್ಜಿ ಕೊಡುತ್ತಾರೆ. ಸಾಧನ ಸಲಕರಣೆ, ವಿದ್ಯಾರ್ಥಿವೇತನ ಮುಂತಾದವು ಆ ಇಲಾಖೆಯವು. ಮಾಸಾಶನವು ಕಂದಾಯ ಇಲಾಖೆಯ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯದ್ದು. ಅರ್ಜಿಯನ್ನು ಹೋಬಳಿಯ ನಾಡಕಚೇರಿಯಲ್ಲಿರುವ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ ಸಲ್ಲಿಸತಕ್ಕದ್ದು. ಯು.ಡಿ.ಐ.ಡಿ. ಚೀಟಿ ಅಥವಾ ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಅಥವಾ ಅಂಚೆ ಖಾತೆಯ ಪುಸ್ತಕ ಮತ್ತು ಭಾವಚಿತ್ರ ಜೊತೆಗಿರಬೇಕು. ಗ್ರಾಮ ಆಡಳಿತಾಧಿಕಾರಿಗಳು ಮತ್ತು ಕಂದಾಯ ನಿರೀಕ್ಷಕರು ಪರಿಶೀಲಿಸಿ ವರದಿ ನೀಡಿದ ನಂತರ ಮಂಜೂರಾತಿ ಆದೇಶ ಹೊರಡುತ್ತದೆ.

ಈ ಸೇವೆಯು ಸಕಾಲ ಅಧಿನಿಯಮದ (2011) ವ್ಯಾಪ್ತಿಯಲ್ಲಿದ್ದು, 45 ದಿನಗಳ ಕಾಲಮಿತಿ ಇದೆ. ಸ್ವೀಕೃತಿ ಚೀಟಿ ಪಡೆಯದೆ ಕಚೇರಿಯಿಂದ ಹೊರಬರಬಾರದು. ಆ ಚೀಟಿಯಲ್ಲಿನ ಸಂಖ್ಯೆ ಇದ್ದರೆ ಮಾತ್ರ ವಿಳಂಬದ ವಿರುದ್ಧ ಮೇಲ್ಮನವಿ ಹಾಕಲು ಹಾಗೂ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳಲು ಬರುತ್ತದೆ. ಬಾಯಿಮಾತಿನ ಅರ್ಜಿಗೆ ಕಾಲಮಿತಿ ಇಲ್ಲ.

ದಾಖಲೆಗಳಲ್ಲಿನ ಹೆಸರಿನ ವ್ಯತ್ಯಾಸವು ಈ ಭಾಗದಲ್ಲಿ ವಿಶೇಷ ಗಮನ ಬೇಡುವ ವಿಷಯ. ಮನೆಮಾತು ತೆಲುಗು ಅಥವಾ ತಮಿಳು, ದಾಖಲೆ ಕನ್ನಡ ಮತ್ತು ಇಂಗ್ಲಿಷ್. ಒಬ್ಬರೇ ವ್ಯಕ್ತಿ ಆಧಾರ್‌ನಲ್ಲಿ ಒಂದು ಬಗೆ, ಪಡಿತರ ಚೀಟಿಯಲ್ಲಿ ಇನ್ನೊಂದು ಬಗೆ ಇರಬಹುದು. ಕ್ಯಾಸಂಬಳ್ಳಿ ಹೋಬಳಿಯು ಹಿಂದೆ ಬಂಗಾರಪೇಟೆ ತಾಲ್ಲೂಕಿನಲ್ಲಿದ್ದು ಈಗ ಕೆ.ಜಿ.ಎಫ್. ತಾಲ್ಲೂಕಿಗೆ ಸೇರಿರುವುದರಿಂದ ಹಳೆಯ ದಾಖಲೆಗಳಲ್ಲಿ ತಾಲ್ಲೂಕಿನ ಹೆಸರೂ ಬೇರೆಯಾಗಿರುತ್ತದೆ. ಆಸ್ಪತ್ರೆಗೆ ಹೋಗುವ ಮೊದಲೇ ಆಧಾರ್ ಸರಿಪಡಿಸಿಕೊಂಡರೆ, ಅದರ ಆಧಾರದ ಮೇಲೆ ಬರುವ ಉಳಿದ ಕಾಗದಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ. ಹಣವು ಆಧಾರ್ ಜೋಡಣೆಯಾದ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಎರಡು ಮೂರು ಖಾತೆಗಳಿರುವವರು ಯಾವ ಖಾತೆಗೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿ ತಿಳಿಯಬೇಕು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇರುತ್ತಾರೆ. ಸಾಮಾನ್ಯವಾಗಿ ಅವರೂ ವಿಕಲಚೇತನರೇ ಆಗಿದ್ದು, ಈ ದಾರಿಯನ್ನು ಸ್ವತಃ ನಡೆದವರು. ಕ್ಷೇತ್ರ ಭೇಟಿ ಅಥವಾ ತರಬೇತಿಯ ಸಂದರ್ಭದಲ್ಲಿ ಗಾಯಗೊಂಡ ರೈತರು ಕಂಡುಬಂದರೆ ಹೆಸರನ್ನು ಅವರಿಗೆ ತಲುಪಿಸುವುದು ಅತಿ ಸುಲಭದ ಉಪಾಯ.

ಶೇ. 40 ಮುಟ್ಟದವರಿಗೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನು ನೆನಪಿಸಬೇಕು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಈ ವಿಮೆಯಲ್ಲಿ ಅಪಘಾತದಿಂದ ಒಂದು ಕಣ್ಣಿನ ದೃಷ್ಟಿ ಅಥವಾ ಒಂದು ಕೈ ಇಲ್ಲವೇ ಕಾಲು ಶಾಶ್ವತವಾಗಿ ನಷ್ಟವಾದರೆ 1 ಲಕ್ಷ ರೂಪಾಯಿ, ಎರಡೂ ಕಣ್ಣು ಅಥವಾ ಎರಡು ಕೈಕಾಲು ನಷ್ಟವಾದರೆ 2 ಲಕ್ಷ ರೂಪಾಯಿ ದೊರೆಯುತ್ತದೆ. ವಯೋಮಿತಿ 18ರಿಂದ 70. ಹಣ ಕಡಿತವಾಗುತ್ತಿರುವುದು ಖಾತೆದಾರರಿಗೇ ಗೊತ್ತಿರದ ಸಂದರ್ಭಗಳಿವೆ. ಪಾಸ್ ಪುಸ್ತಕದಲ್ಲಿ ಮೇ ಅಥವಾ ಜೂನ್ ತಿಂಗಳ ನಮೂದುಗಳನ್ನು ನೋಡಿದರೆ ತಿಳಿಯುತ್ತದೆ. ಬೆರಳುಗಳ ನಷ್ಟಕ್ಕೆ ಮಾತ್ರ ಇದರಲ್ಲಿಯೂ ಪರಿಹಾರವಿಲ್ಲ.

ತಾತ್ಕಾಲಿಕ ಪ್ರಮಾಣಪತ್ರ ಪಡೆದವರು ಅದರ ಮೇಲಿನ ಅವಧಿಯ ದಿನಾಂಕವನ್ನು ಗುರುತು ಹಾಕಿಟ್ಟುಕೊಂಡು, ಅವಧಿ ಮುಗಿಯುವ ಎರಡು ಮೂರು ತಿಂಗಳು ಮೊದಲೇ ಮರುಪರೀಕ್ಷೆಗೆ ಅರ್ಜಿ ಹಾಕತಕ್ಕದ್ದು.