ಘಾಟಿಯಲ್ಲಿ ಒದ್ದೆ ಬಟ್ಟೆ

ಹಳೆಯ ಅಂಬಾಸಡರ್ ಕಾರಿನಲ್ಲಿ ಬೇಸಿಗೆಯಲ್ಲಿ ಚಾರ್ಮಾಡಿಯನ್ನೋ ಆಗುಂಬೆಯನ್ನೋ ಹತ್ತಿದವರಿಗೆ ಇದು ನೆನಪಿರಬಹುದು. ನಡು ಏರಿನಲ್ಲಿ ಎಂಜಿನ್ ಮುಗ್ಗರಿಸಿ ನಿಂತುಬಿಡುತ್ತಿತ್ತು. ಡ್ರೈವರು ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ಎತ್ತಿ, ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಸ್ವಲ್ಪ ಹೊತ್ತಿಗೆ ಕಾರು ಹೊರಡುತ್ತಿತ್ತು. ಏಕೆ?

ಏರಿಗೂ ಎಂಜಿನ್ನಿಗೂ ಹಳೆಯ ಜಗಳ. 1908ರಲ್ಲಿ ಅಮೆರಿಕದಲ್ಲಿ ಬಂದ ಫೋರ್ಡ್ ಮಾಡೆಲ್ ಟಿಗೆ ಪಂಪೇ ಇರಲಿಲ್ಲ. ಸೀಟಿನಡಿಯ ಟ್ಯಾಂಕಿನಿಂದ ಪೆಟ್ರೋಲ್ ತಾನಾಗಿ ಹರಿಯಬೇಕಿತ್ತು. ಕಡಿದಾದ ಏರಿನಲ್ಲಿ ಎಂಜಿನ್ನೇ ಟ್ಯಾಂಕಿಗಿಂತ ಮೇಲಾದಾಗ ಪೆಟ್ರೋಲ್ ತಲುಪುತ್ತಿರಲಿಲ್ಲ. ಆಗ ಕಾರನ್ನು ತಿರುಗಿಸಿ, ಹಿಮ್ಮುಖವಾಗಿಯೇ ಗುಡ್ಡ ಹತ್ತಿಸುತ್ತಿದ್ದರು!

ಪಂಪು ಬಂದ ಮೇಲೆ ಆ ತೊಂದರೆ ತಪ್ಪಿತು, ಹೊಸದೊಂದು ಹುಟ್ಟಿತು. ಎಂಜಿನ್ನಿಗೆ ಅಂಟಿಕೊಂಡ ಪಂಪು ಅದರ ಕಾವನ್ನೂ ಹೀರುತ್ತಿತ್ತು. ನಿಧಾನದ ಏರಿನಲ್ಲಿ ಗಾಳಿ ಸಾಲದೆ ಪೆಟ್ರೋಲ್ ದಾರಿಯಲ್ಲೇ ಆವಿಯಾಗುತ್ತಿತ್ತು. ದ್ರವವನ್ನು ತಳ್ಳಬಲ್ಲ ಪಂಪು ಆವಿಯೆದುರು ಸೋಲುತ್ತಿತ್ತು. ಇದೇ ‘ವೇಪರ್ ಲಾಕ್’. ಒದ್ದೆ ಬಟ್ಟೆ ಆವಿಯನ್ನು ಮತ್ತೆ ದ್ರವವಾಗಿಸುತ್ತಿತ್ತು.

ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. ಇಂದಿನ ಪೆಟ್ರೋಲ್ ಕಾರುಗಳಲ್ಲಿ ವಿದ್ಯುತ್ ಪಂಪು ಟ್ಯಾಂಕಿನೊಳಗೇ ಮುಳುಗಿದ್ದು, ಪೆಟ್ರೋಲನ್ನು ಒತ್ತಡದಲ್ಲಿಡುತ್ತದೆ. ಹಾಗಾಗಿ ಅವು ಘಾಟಿಯಲ್ಲಿ ನಿಲ್ಲುವುದು ಅಪರೂಪ. ಆದರೆ ನಿಂತರೆ, ಡ್ರೈವರ ಕೈಯಲ್ಲಿ ಒದ್ದೆ ಬಟ್ಟೆಯಷ್ಟು ಸುಲಭದ ಉಪಾಯವೂ ಉಳಿದಿಲ್ಲ.