ಕ್ಷುದ್ರಗ್ರಹ

ಕ್ಷುದ್ರಗ್ರಹ ಎಂದರೆ ಸೂರ್ಯನನ್ನು ಸುತ್ತುವ, ಗ್ರಹಗಳಿಗಿಂತ ಬಹಳ ಚಿಕ್ಕದಾದ, ವಾಯುಮಂಡಲವಿಲ್ಲದ ಆಕಾಶಕಾಯ. ಶಿಲೆ, ಲೋಹ ಅಥವಾ ಇವೆರಡರ ಮಿಶ್ರಣದಿಂದ ಇದು ರೂಪುಗೊಂಡಿರುತ್ತದೆ. ಸುಮಾರು 460 ಕೋಟಿ ವರ್ಷಗಳ ಹಿಂದೆ ಸೌರಮಂಡಲ ಹುಟ್ಟಿದಾಗ ಗ್ರಹಗಳಲ್ಲಿ ಸೇರದೆ ಉಳಿದ ದ್ರವ್ಯದ ಅವಶೇಷಗಳೇ ಕ್ಷುದ್ರಗ್ರಹಗಳು. ಈವರೆಗೆ ಇಂತಹ ಹತ್ತು ಲಕ್ಷಕ್ಕೂ ಹೆಚ್ಚು ಕಾಯಗಳನ್ನು ಗುರುತಿಸಲಾಗಿದೆ. ಇವುಗಳಲ್ಲಿ ಕೆಲವು ಭೂಮಿಯ ಸಮೀಪ ಹಾದುಹೋಗುವುದರಿಂದ, ಇವುಗಳ ಅಧ್ಯಯನವು ಮಾನವಕುಲದ ಸುರಕ್ಷತೆಗೂ ಸಂಬಂಧಿಸಿದೆ.

ಇತರ ಕಾಯಗಳಿಂದ ವ್ಯತ್ಯಾಸ

ಧೂಮಕೇತುವಿನಲ್ಲಿ ಹಿಮದ ಅಂಶ ಹೆಚ್ಚು. ಸೂರ್ಯನನ್ನು ಸಮೀಪಿಸಿದಾಗ ಆ ಹಿಮವು ಆವಿಯಾಗಿ ಬಾಲ ಮೂಡುತ್ತದೆ. ಕ್ಷುದ್ರಗ್ರಹಕ್ಕೆ ಸಾಮಾನ್ಯವಾಗಿ ಬಾಲವಿರುವುದಿಲ್ಲ. ಬಾಹ್ಯಾಕಾಶದ ಸಣ್ಣ ಚೂರೊಂದು ಭೂಮಿಯ ವಾಯುಮಂಡಲವನ್ನು ಪ್ರವೇಶಿಸಿ ಉರಿಯುವಾಗ ಕಾಣುವ ಬೆಳಕಿನ ಗೆರೆಯೇ ಉಲ್ಕೆ. ಪೂರ್ತಿ ಉರಿದುಹೋಗದೆ ನೆಲವನ್ನು ತಲುಪಿದ ತುಣುಕು ಉಲ್ಕಾಶಿಲೆ. ಉಲ್ಕಾಶಿಲೆಗಳಲ್ಲಿ ಹೆಚ್ಚಿನವು ಕ್ಷುದ್ರಗ್ರಹಗಳಿಂದ ಸಿಡಿದು ಬಂದವು.

ಶೋಧನೆಯ ಇತಿಹಾಸ

ಮಂಗಳ ಮತ್ತು ಗುರು ಗ್ರಹಗಳ ನಡುವಿನ ವಿಶಾಲ ಅಂತರದಲ್ಲಿ ಇನ್ನೊಂದು ಗ್ರಹವಿರಬೇಕೆಂದು ಹದಿನೆಂಟನೆಯ ಶತಮಾನದ ಖಗೋಳಜ್ಞರು ಊಹಿಸಿದ್ದರು. 1801ರ ಜನವರಿ 1ರಂದು ಸಿಸಿಲಿ ದ್ವೀಪದ ಪಲೆರ್ಮೊದಲ್ಲಿ ಜುಸೆಪ್ಪೆ ಪಿಯಾಜ್ಜಿ ಅಲ್ಲೊಂದು ಕಾಯವನ್ನು ಕಂಡು ಅದಕ್ಕೆ ಸಿರಿಸ್ ಎಂಬ ಹೆಸರಿಟ್ಟನು. ಕೆಲವೇ ವಾರಗಳಲ್ಲಿ ಅದು ಸೂರ್ಯಪ್ರಭೆಯಲ್ಲಿ ಮರೆಯಾಯಿತು. ಇಪ್ಪತ್ತನಾಲ್ಕು ವರ್ಷದ ಗಣಿತಜ್ಞ ಗೌಸ್, ದೊರೆತಿದ್ದ ಅಲ್ಪ ವೀಕ್ಷಣೆಗಳಿಂದಲೇ ಅದರ ಕಕ್ಷೆಯನ್ನು ಲೆಕ್ಕಹಾಕಿದನು. ಆ ಲೆಕ್ಕದ ನೆರವಿನಿಂದ ಅದೇ ವರ್ಷದ ಕೊನೆಯಲ್ಲಿ ಸಿರಿಸ್ ಮತ್ತೆ ಪತ್ತೆಯಾಯಿತು.

1802ರಿಂದ 1807ರೊಳಗೆ ಪಲ್ಲಾಸ್, ಜೂನೋ ಮತ್ತು ವೆಸ್ಟಾಗಳನ್ನು ಕಂಡುಹಿಡಿಯಲಾಯಿತು. ಮೊದಲು ಇವೆಲ್ಲವೂ ಗ್ರಹಗಳೆಂದೇ ಎಣಿಸಲ್ಪಟ್ಟವು. ಸಂಖ್ಯೆ ಬೆಳೆಯುತ್ತಾ ಹೋದಂತೆ ಇವನ್ನು ಪ್ರತ್ಯೇಕ ವರ್ಗವಾಗಿ ಪರಿಗಣಿಸಲಾಯಿತು. 2006ರಲ್ಲಿ ಸಿರಿಸ್ ಕುಬ್ಜ ಗ್ರಹವೆಂಬ ಸ್ಥಾನ ಪಡೆಯಿತು.

ಭಾರತದಲ್ಲಿ 1861ರಲ್ಲಿ ಮದರಾಸು ವೀಕ್ಷಣಾಲಯದಿಂದ ನಾರ್ಮನ್ ಪಾಗ್ಸನ್ ಕಂಡುಹಿಡಿದ ಕ್ಷುದ್ರಗ್ರಹಕ್ಕೆ ಏಷ್ಯಾ ಎಂದು ಹೆಸರಿಡಲಾಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಆ ವೀಕ್ಷಣಾಲಯದ ಪರಂಪರೆಯಲ್ಲಿ ಬೆಳೆದುಬಂದುದು. ಈ ಸಂಸ್ಥೆ ತಮಿಳುನಾಡಿನ ಕಾವಲೂರಿನಲ್ಲಿ ನಡೆಸುವ ವೀಕ್ಷಣಾಲಯದಿಂದ 1988ರಲ್ಲಿ ಪತ್ತೆಯಾದ ಕ್ಷುದ್ರಗ್ರಹವೊಂದು ಗಣಿತಜ್ಞ ರಾಮಾನುಜನ್ ಅವರ ಹೆಸರನ್ನು ಹೊತ್ತಿದೆ.

ನೆಲೆ ಮತ್ತು ಗಾತ್ರ

ಬಹುಪಾಲು ಕ್ಷುದ್ರಗ್ರಹಗಳು ಮಂಗಳ ಮತ್ತು ಗುರು ಗ್ರಹಗಳ ನಡುವಿನ ಪಟ್ಟಿಯಲ್ಲಿವೆ. ಗುರುಗ್ರಹದ ಪ್ರಬಲ ಗುರುತ್ವವು ಇಲ್ಲಿನ ದ್ರವ್ಯವನ್ನು ಒಂದುಗೂಡಿ ಗ್ರಹವಾಗಲು ಬಿಡಲಿಲ್ಲ. ಸಿರಿಸ್‌ನ ವ್ಯಾಸ ಸುಮಾರು 940 ಕಿ.ಮೀ., ವೆಸ್ಟಾದ ವ್ಯಾಸ ಸುಮಾರು 525 ಕಿ.ಮೀ. ಉಳಿದವುಗಳಲ್ಲಿ ಹೆಚ್ಚಿನವು ತೀರಾ ಸಣ್ಣವು. ಇಡೀ ಪಟ್ಟಿಯ ದ್ರವ್ಯರಾಶಿಯನ್ನು ಕೂಡಿಸಿದರೂ ಅದು ಚಂದ್ರನ ದ್ರವ್ಯರಾಶಿಯ ಶೇಕಡ 3ರಷ್ಟು ಮಾತ್ರ. ಚಲನಚಿತ್ರಗಳಲ್ಲಿ ತೋರಿಸುವಂತೆ ಇಲ್ಲಿ ಬಂಡೆಗಳು ಒತ್ತೊತ್ತಾಗಿಲ್ಲ. ಅವುಗಳ ನಡುವೆ ಅಪಾರ ಅಂತರವಿದ್ದು, ಗಗನನೌಕೆಗಳು ನಿರಾತಂಕವಾಗಿ ದಾಟಿಹೋಗುತ್ತವೆ.

ಗಗನನೌಕೆಗಳ ಅಧ್ಯಯನ

ನಾಸಾದ ಡಾನ್ ನೌಕೆಯು 2011ರಲ್ಲಿ ವೆಸ್ಟಾವನ್ನೂ 2015ರಲ್ಲಿ ಸಿರಿಸ್ ಅನ್ನೂ ತಲುಪಿ ಅವುಗಳನ್ನು ಸುತ್ತಿತು. ಜಪಾನಿನ ಹಯಾಬುಸಾ-2 ನೌಕೆಯು ರ್ಯುಗು ಎಂಬ ಕ್ಷುದ್ರಗ್ರಹದ ಮಾದರಿಯನ್ನು 2020ರಲ್ಲಿ ಭೂಮಿಗೆ ತಂದಿತು. ಅಮೆರಿಕದ ಒಸಿರಿಸ್-ರೆಕ್ಸ್ ಕಳುಹಿಸಿದ ಬೆನ್ನು ಕ್ಷುದ್ರಗ್ರಹದ ಮಾದರಿ 2023ರಲ್ಲಿ ಬಂದಿಳಿಯಿತು. ಈ ಎರಡೂ ಮಾದರಿಗಳಲ್ಲಿ ಜೀವಿಗಳ ಪ್ರೋಟೀನುಗಳಿಗೆ ಮೂಲಘಟಕಗಳಾದ ಅಮೈನೋ ಆಮ್ಲಗಳು ದೊರೆತಿವೆ. ಜೀವದ ಉಗಮಕ್ಕೆ ಬೇಕಾದ ರಾಸಾಯನಿಕಗಳಲ್ಲಿ ಕೆಲವು ಆಕಾಶದಿಂದಲೂ ಭೂಮಿಗೆ ಬಂದಿರಬಹುದೆಂಬ ಚಿಂತನೆಗೆ ಇದು ಪುಷ್ಟಿ ನೀಡಿದೆ.

ಭೂಮಿಯೊಂದಿಗೆ ಘರ್ಷಣೆ

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಈಗಿನ ಮೆಕ್ಸಿಕೋದ ಯುಕಟಾನ್ ಪ್ರದೇಶಕ್ಕೆ ಸುಮಾರು 10 ಕಿ.ಮೀ. ಗಾತ್ರದ ಕಾಯವೊಂದು ಅಪ್ಪಳಿಸಿತು. ಡೈನೋಸಾರ್‌ಗಳ ಅಳಿವಿಗೆ ಇದೇ ಪ್ರಧಾನ ಕಾರಣವೆಂದು ಬಹುತೇಕ ವಿಜ್ಞಾನಿಗಳು ಒಪ್ಪುತ್ತಾರೆ. ಮಹಾರಾಷ್ಟ್ರದ ಲೋಣಾರ್ ಸರೋವರವು ಇಂತಹ, ಆದರೆ ಬಹಳ ಚಿಕ್ಕದಾದ, ಹೊಡೆತದಿಂದ ಉಂಟಾದ ಕುಳಿ. ಇದರ ವ್ಯಾಸ ಸುಮಾರು 1.8 ಕಿ.ಮೀ.

2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಬಳಿ, ಸುಮಾರು 20 ಮೀಟರ್ ಗಾತ್ರದ ಕಾಯ ಆಕಾಶದಲ್ಲೇ ಸಿಡಿಯಿತು. ಸುಮಾರು 1,500 ಮಂದಿ ಗಾಯಗೊಂಡರು. ಬೆಳಕನ್ನು ಕಂಡು ಅನೇಕರು ಕಿಟಕಿಗಳ ಬಳಿಗೆ ಬಂದಿದ್ದರು. ತುಸು ಹೊತ್ತಿನ ಬಳಿಕ ಬಂದ ಆಘಾತ ತರಂಗದಿಂದ ಗಾಜುಗಳು ಒಡೆದುದೇ ಹೆಚ್ಚಿನ ಗಾಯಗಳಿಗೆ ಕಾರಣ. ಆ ಕಾಯ ಸೂರ್ಯನ ದಿಕ್ಕಿನಿಂದ ಬಂದುದರಿಂದ ಯಾವ ದೂರದರ್ಶಕವೂ ಅದನ್ನು ಮುಂಚಿತವಾಗಿ ಕಂಡಿರಲಿಲ್ಲ.

ರಕ್ಷಣೆಯ ಪ್ರಯತ್ನಗಳು

ಭೂಕಂಪದ ದಿನವನ್ನು ಮುಂದಾಗಿ ಹೇಳಲಾಗದು. ಆದರೆ ಕ್ಷುದ್ರಗ್ರಹದ ಕಕ್ಷೆ ನಿಖರವಾಗಿ ತಿಳಿದರೆ ಅದರ ಆಗಮನವನ್ನು ಹಲವು ವರ್ಷಗಳ ಮೊದಲೇ ಲೆಕ್ಕಹಾಕಬಹುದು. ಸಾಕಷ್ಟು ಕಾಲಾವಕಾಶವಿದ್ದರೆ ಅದರ ವೇಗವನ್ನು ಅತ್ಯಲ್ಪ ಬದಲಿಸಿದರೂ ಅದು ಭೂಮಿಯನ್ನು ತಪ್ಪಿಸಿ ಹೋಗುತ್ತದೆ. ಈ ತತ್ತ್ವವನ್ನು ಪರೀಕ್ಷಿಸಲು ನಾಸಾದ ಡಾರ್ಟ್ ನೌಕೆಯನ್ನು 2022ರ ಸೆಪ್ಟೆಂಬರ್ 26ರಂದು, ಭೂಮಿಗೆ ಅಪಾಯವಿಲ್ಲದ ಡೈಮಾರ್ಫಸ್ ಎಂಬ ಕಾಯಕ್ಕೆ ಉದ್ದೇಶಪೂರ್ವಕವಾಗಿ ಡಿಕ್ಕಿ ಹೊಡೆಸಲಾಯಿತು. ಡೈಮಾರ್ಫಸ್ ತನಗಿಂತ ದೊಡ್ಡದಾದ ಡಿಡಿಮಾಸ್ ಕ್ಷುದ್ರಗ್ರಹವನ್ನು ಸುತ್ತುವ ಅವಧಿ ಮೊದಲು 11 ಗಂಟೆ 55 ನಿಮಿಷವಿತ್ತು. ಡಿಕ್ಕಿಯ ನಂತರ ಅದು ಅರ್ಧ ಗಂಟೆಗೂ ಹೆಚ್ಚು ಕಡಿಮೆಯಾಯಿತು. ಮನುಷ್ಯನು ಆಕಾಶಕಾಯವೊಂದರ ಚಲನೆಯನ್ನು ಬೇಕೆಂದೇ ಬದಲಿಸಿದುದು ಇದೇ ಮೊದಲು.

ಅಪೋಫಿಸ್ ಎಂಬ ಸುಮಾರು 340 ಮೀಟರ್ ವ್ಯಾಸದ ಕ್ಷುದ್ರಗ್ರಹವು 2029ರ ಏಪ್ರಿಲ್ 13ರಂದು ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿ.ಮೀ. ದೂರದಲ್ಲಿ ಹಾದುಹೋಗಲಿದೆ. ಇದು ಭೂಸ್ಥಿರ ಉಪಗ್ರಹಗಳಿಗಿಂತಲೂ ಸಮೀಪ. ಅದು ಮುಂದಿನ ನೂರು ವರ್ಷಗಳವರೆಗಾದರೂ ಭೂಮಿಗೆ ಡಿಕ್ಕಿ ಹೊಡೆಯುವುದಿಲ್ಲವೆಂದು ಲೆಕ್ಕಾಚಾರಗಳು ಖಚಿತಪಡಿಸಿವೆ. 1908ರ ಜೂನ್ 30ರಂದು ಸೈಬೀರಿಯದ ತುಂಗುಸ್ಕಾದಲ್ಲಿ ನಡೆದ ಸ್ಫೋಟದ ನೆನಪಿಗಾಗಿ, ವಿಶ್ವಸಂಸ್ಥೆಯು ಜೂನ್ 30ನ್ನು ಅಂತರರಾಷ್ಟ್ರೀಯ ಕ್ಷುದ್ರಗ್ರಹ ದಿನವೆಂದು ಘೋಷಿಸಿದೆ.